ತೇಪೆ

ಆಟದವರು ಕೊಟ್ಟದ್ದು ಬರೀ ಬಯಲು:
ನಕ್ಷೆಯ ಉತ್ತರ ಮೂಲೆ, ಹೆಸರೂ ಇಲ್ಲ,
ನಾಲ್ಕು ತೋಳ, ಒಂದು ಮುರುಕು ಗಾಡಿ.

ಈರಲಿಂಗ ಅಲ್ಲೊಂದು ಬೆಟ್ಟ ಇಟ್ಟ.
ಮಧುಗಿರಿಯಲ್ಲಿ ಅವನದು ಜೆರಾಕ್ಸ್ ಅಂಗಡಿ,
ಶಟರ್ ಎತ್ತಿದರೆ ಎದುರಿಗೇ ಏಕಶಿಲೆ.
ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನೇ ನೋಡಿ ನೋಡಿ
ಒಂದೊಂದು ಬಿರುಕನ್ನೂ, ಮಳೆನೀರು ಇಳಿದ ಕಪ್ಪು ಗೆರೆಯನ್ನೂ
ಮೌಸಿನಲ್ಲೇ ಕೆತ್ತಿದ. ಹದಿನಾಲ್ಕು ತಿಂಗಳು.

ಅದೇ ಬಯಲಲ್ಲಿ ಮುಬೀನಾ ಕೆರೆ ತೋಡಿದಳು.
ತುಮಕೂರಿನ ಶಿರಾ ಗೇಟು, ಪಾಲಿಟೆಕ್ನಿಕ್ ಕೊನೇ ವರ್ಷ,
ಬೆಟ್ಟದ ಸುದ್ದಿ ಅವಳಿಗೆಲ್ಲಿ ಗೊತ್ತು.
ಕೆರೆಗೆ ಏರಿ, ಏರಿಗೆ ತೂಬು, ನೀರಿಗೆ ಗೆಂಡೆಮೀನು,
ಬೆಳಗಿನ ಜಾವ ಕೊಡ ಹೊತ್ತು ಬರುವ ಒಬ್ಬ ಮುದುಕಿ.
ಮುದುಕಿಗೆ ಹೆಸರಿಲ್ಲ. ಯಾರು ಎದುರಾದರೂ ಒಂದೇ ಮಾತು:
“ದಾರಿ ಬಿಡಪ್ಪಾ, ಹೊತ್ತೇರ್ತಾ ಐತೆ.”

ಎರಡನ್ನೂ ಒಟ್ಟಿಗೆ ಹಾಕಿಕೊಂಡವನು ನಾನು.
ಕೊರಟಗೆರೆ ರಸ್ತೆಯ ವೇಬ್ರಿಜ್‌ನಲ್ಲಿ ರಾತ್ರಿ ಪಾಳಿ,
ಹುಣಸೆ ಲಾರಿಗೂ ಜಲ್ಲಿ ಲಾರಿಗೂ ನಡುವೆ ಸಿಕ್ಕಷ್ಟು ಹೊತ್ತು.
ಬಯಲಿಗೆ ಹೋಗಿ ನೋಡಿದರೆ
ಬಂಡೆಯೊಳಗೆ ಮೀನು ಈಜುತ್ತಿವೆ.
ಕಲ್ಲಿನಿಂದ ಬಾಲ ಹೊರಬಂದು ಮತ್ತೆ ಕಲ್ಲಿಗೇ ಹೋಗುತ್ತದೆ.
ಮುದುಕಿ ಬಂಡೆಗೆ ಮುಖವಿಟ್ಟು ನಿಂತಿದ್ದಾಳೆ,
ಕಾಲುಗಳು ಮಾತ್ರ ನಡೆಯುತ್ತಲೇ ಇವೆ, ಬೆಳಗಿನಿಂದ ಬೈಗಿನವರೆಗೆ.
ಬೆಟ್ಟಕ್ಕೆ ಹೇಳುತ್ತಿದ್ದಾಳೆ,
“ದಾರಿ ಬಿಡಪ್ಪಾ.”

ಇಬ್ಬರಿಗೂ ತಿಳಿಸಿದೆ. ಅದೇ ತಪ್ಪಾಯಿತು.
“ನನ್ನದನ್ನ ಪಟ್ಟೀಲಿ ಕೆಳಗೆ ಹಾಕು, ಎಲ್ಲಾ ಸರಿಹೋಗ್ತದೆ” ಅಂದ ಈರಲಿಂಗ.
ಆ ಪಟ್ಟಿಯಲ್ಲಿ ಕೆಳಗಿದ್ದವನದೇ ಮೇಲುಗೈ,
ಕೊನೆಗೆ ಬಾಯಿ ಬಿಟ್ಟವನದೇ ತೀರ್ಮಾನ,
ನಮ್ಮೂರ ಕಟ್ಟೆಯ ಹಾಗೆ.
“ಆಗ ನನ್ನ ಕೆರೆ?” ಅಂದಳು ಮುಬೀನಾ.
“ಬೇರೆ ಕಡೆ ತೋಡ್ಕೊ.” “ನೀನೇ ಎತ್ತಿಡು ನಿನ್ನ ಬೆಟ್ಟಾನ.”
“ನಂದು ಮೊದ್ಲು ಬಂದಿದ್ದು.” “ಹನ್ನೊಂದು ದಿನ. ಅದೂ ಅರ್ಧ, ಹಿಂಬದಿ ಟೊಳ್ಳು.”
ಅವನು ಬೆಟ್ಟದ ಜೊತೆಗಿನ ಚೀಟಿಯಲ್ಲಿ ಬರೆದ:
ಕೆರೆಗಳೊಂದಿಗೆ ಹೊಂದುವುದಿಲ್ಲ.
ಅವಳು ಬರೆದಳು: ಕಲ್ಲು ತರಬೇಡಿ, ತಂದರೆ ನನ್ನನ್ನು ಕೇಳಬೇಡಿ.
ಸಾಲಾವಳಿ ಕೂಡದೆ ಮುರಿದ ಸಂಬಂಧದಂತೆ
ಎರಡೂ ಕಡೆಯವರು ನನ್ನ ಹತ್ತಿರ ಮಾತ್ರ ಮಾತಾಡಿದರು.

ಒಂದು ಭಾನುವಾರ ಮಧುಗಿರಿಗೆ ಹೋಗಿ ನಿಜವಾದ ಬೆಟ್ಟ ಹತ್ತಿದೆ.
ಯಾಕೆ ಅಂದರೆ ನನಗೂ ಗೊತ್ತಿಲ್ಲ.
ಚಪ್ಪಲಿ ಕೈಯಲ್ಲಿ, ಕಾಲಿಡುವಷ್ಟೇ ಕಡಿದ ಗುಳಿಗಳು,
ಇಳಿಜಾರಿನಲ್ಲಿ ಮಂಡಿ ನಡುಗಿತು.
ಏದುಸಿರು ಬಿಡುತ್ತಾ ಕೂತರೆ ಪಕ್ಕದಲ್ಲೇ, ಕಲ್ಲಿನ ಅಂಗೈಯಲ್ಲಿ,
ನೀರು.
ದೊಣೆ. ಪಾಚಿ, ಒಂದು ಬಿಸ್ಕತ್ತಿನ ಕವರು,
ಬಗ್ಗಿ ನೋಡಿದರೆ ನನ್ನ ಮುಖದ ಹಿಂದೆ ಹದ್ದು.

ಆ ವಾರವೆಲ್ಲ ತೇಪೆ ಹೊಲಿದೆ. ಹನ್ನೆರಡು ಕೆಬಿ.
ಕೆರೆಯನ್ನು ಎತ್ತಿ ಬೆಟ್ಟದ ಮೇಲಿಟ್ಟೆ, ದೊಣೆಯಾಗಿ;
ಮೀನಿಗೆ ಅಷ್ಟು ಸಾಕು.
ಮುದುಕಿಯದೇ ಕಷ್ಟ. ಇಳಿಜಾರೆಂದರೆ ಆಟಕ್ಕೆ ಗೋಡೆ,
ಹತ್ತಲು ಒಪ್ಪುವುದಿಲ್ಲ. ಗುಳಿ ಗುಳಿಗೂ ಒಂದೊಂದು ಗುರುತು ನೆಟ್ಟೆ,
ನೂರ ಅರವತ್ತೆರಡು, ಲಾರಿಯವರು ಹಾರ್ನ್ ಹೊಡೆದರೂ ಏಳದೆ.

ಈರಲಿಂಗ ಸಿಟ್ಟಾದ: ನನ್ನ ಕಲ್ಲಿಗೆ ತೂತು ಹೊಡೆಯೋಕೆ ನೀನ್ಯಾರು?
ಮುಬೀನಾ ಅತ್ತಳೋ ಏನೋ, ಫೋನಿನಲ್ಲಿ ಸುಮಾರು ಹೊತ್ತು ಸದ್ದಿಲ್ಲ.
ಆಮೇಲೆ: ಏರಿ ಎಲ್ಲಿ? ತೂಬು ಎಲ್ಲಿ? ಇದು ಬಚ್ಚಲು.
ಮೊದಲ ಸಲ ಇಬ್ಬರದೂ ಒಂದೇ ಮಾತು.
ಒಟ್ಟಿಗೇ ಬರೆದು ಕಳಿಸಿದರು,
ಕಾಗುಣಿತ ಅವಳದು, ಬೈಗುಳ ಅವನದು:
ನಮ್ಮ ಅಪ್ಪಣೆಯಿಲ್ಲದೆ ಹೊಂದಿಸಿದ್ದನ್ನು ತೆಗೆದುಹಾಕತಕ್ಕದ್ದು.

ಆಮೇಲೆ ಯಾರಿಗೂ ಕೊಡಲಿಲ್ಲ.
ಈಗ ಅವರಿಬ್ಬರೂ ಸೇರಿ ಬೆಟ್ಟದ ಬುಡಕ್ಕೆ ಕೆರೆ ಮಾಡುತ್ತಿದ್ದಾರಂತೆ,
ಏರಿ ಎಷ್ಟೆತ್ತರ ಎಂಬಲ್ಲಿಗೆ ಜಗಳ ಬಂದು ನಿಂತಿದೆಯಂತೆ.

ನನ್ನ ಕಂಪ್ಯೂಟರಿನಲ್ಲಿ ತೇಪೆ ಇದೆ.
ರಾತ್ರಿ ಎರಡು ಗಂಟೆ, ತೂಕದ ಹಲಗೆ ಖಾಲಿ, ಸೊನ್ನೆ ಮಿನುಗುತ್ತಿದೆ.
ಪರದೆಯಲ್ಲಿ ಬೆಳಗಿನ ಜಾವ.
ಮುದುಕಿ ಹತ್ತುತ್ತಿದ್ದಾಳೆ. ತೊಂಬತ್ತನೆಯ ಗುಳಿಯಲ್ಲಿ ನನ್ನ ಲೆಕ್ಕ ತಪ್ಪಿದೆ,
ಅಲ್ಲಿ ಒಂದು ಗೇಣು ಮೇಲೆ, ಗಾಳಿಗೆ ಕಾಲಿಡುತ್ತಾಳೆ.
ಸರಿಮಾಡಬೇಕು ಅಂದುಕೊಳ್ಳುತ್ತೇನೆ, ಮಾಡುವುದಿಲ್ಲ.
ಕವಚ ತೊಟ್ಟ ನನ್ನ ವೀರ ದಾರಿಗೆ ಅಡ್ಡ ನಿಂತಿದ್ದಾನೆ.
“ದಾರಿ ಬಿಡಪ್ಪಾ,” ಅಂತಾಳೆ.
ಪಕ್ಕಕ್ಕೆ ಸರಿಯುತ್ತೇನೆ.