ಮೂಗಿನ ಕಡೆಯಿಂದ

ಬಂದದ್ದು ಮೂಗಿನ ಕಡೆಯಿಂದ.
ಗೋಡೆ ಹಾರುವ ಕಳ್ಳನಂತಲ್ಲ,
ಬದು ಒತ್ತುವ ಪಕ್ಕದ ಹೊಲದವನಂತೆ:
ವರ್ಷಕ್ಕೊಂದು ನೇಗಿಲ ಸಾಲು,
ಕೇಳಿದರೆ ಬೀಗನ ಹಾಗೆ ನಗು.

ಬಿಳಿಯಲ್ಲಿ ಹುಟ್ಟಿ, ಕೆಂಪು ಎಳೆ ಬಿಟ್ಟುಕೊಂಡು
ಈಗ ಕರಿಯ ಅಂಚಿಗೆ ಒಂದು ಕಾಲಿಟ್ಟಿದೆ.
ಅಲ್ಲಿಂದಾಚೆ ನನ್ನ ಎರೆಹೊಲ,
ಇರುವುದೇ ಅಂಗೈಯಷ್ಟೂ ಅಲ್ಲ,
ಕಂಡದ್ದೆಲ್ಲ ಬೆಳೆದದ್ದು ಅದರಲ್ಲೇ.

ಎಡಗಣ್ಣಿನದು ಬೇರೆ ಕತೆ.
ಹಳದಿ ನುಚ್ಚಿನಂಥ ಒಂದು ಗಂಟು,
ಬೆಳೆಯದು, ಕರಗದು,
ಬಾಡಿಗೆಯೂ ಕೊಡದೆ, ಮನೆಯೂ ಬಿಡದೆ
ಬಾಗಿಲಲ್ಲಿ ಕೂತಿದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಒಲೆಗೆ ಹೊಟ್ಟು ಉಣಿಸುವವನು ನಾನು.
ರಾತ್ರಿ ಎರಡಕ್ಕೆ ಒಲೆಯ ಬಾಯಿ ತೆಗೆದರೆ
ಬೂದಿ ಮೊದಲು ಮುಖ ತೊಳೆಸುತ್ತದೆ.
ಆಚೆ ಬದಿಗೆ ಹಂಪಮ್ಮ,
ಕಾದ ಉಸುಕಿಗೆ ಅಕ್ಕಿ ಸುರಿದು ಕೋಲಾಡಿಸುತ್ತಾಳೆ,
ಎಣಿಸಿ ಹತ್ತು ಹೇಳುವಷ್ಟರಲ್ಲಿ
ಬಾಣಲೆ ತುಂಬ ಬಿಳಿ.
ಕೆಲಸ ಕಲಿಸಿದ ಬುಡನ್‌ಸಾಬರು
ಮೊದಲ ದಿನವೇ ಹೇಳಿದ್ದರು:
ಅಕ್ಕಿ ಅರಳುವಾಗ ನೀನು ಕಣ್ಣರಳಿಸಬೇಡ.
ಮೂವತ್ತು ವರ್ಷ ಕಿರಿದು ಮಾಡಿಕೊಂಡೇ ನೋಡಿದೆ,
ಬೆಂಕಿಯನ್ನು, ಹಂಪಮ್ಮನನ್ನು, ಬೆಳಗನ್ನು.

ಈ ಮಂಡಕ್ಕಿಯೇ ಸಂಜೆ
ಪುಟಾಣಿ ಹಿಟ್ಟು ಹಚ್ಚಿಕೊಂಡು ನರ್ಗಿಸ್ ಆಗುತ್ತದೆ.
ನರ್ಗಿಸ್ ಎಂದರೆ ಕಣ್ಣಿನಂಥ ಹೂವು,
ಅಬ್ಬಾ ಹೇಳುತ್ತಿದ್ದರು.
ನಾನು ಆ ಹೂವನ್ನು ಕಂಡವನಲ್ಲ.
ತಿಂದವನು.

ಕಣ್ಣಿನ ಆಸ್ಪತ್ರೆಯಲ್ಲಿ
ಗದ್ದ ಇಲ್ಲಿಡಿ ಅಜ್ಜಾ ಅಂದಳು ಡಾಕ್ಟರಮ್ಮ,
ಮೊಮ್ಮಗಳ ವಯಸ್ಸು.
ಸೀಳುಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.
ನನ್ನ ಕಣ್ಣನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು
ನಿಕಾಹ್ ಆದ ಹೊಸತರಲ್ಲಿ.
"ಕ್ಯಾನ್ಸರ್ ಅಲ್ಲ" ಅಂದಳು.
ನಾನು ಕೇಳಿರಲೇ ಇಲ್ಲ, ಆಗ ಹೆದರಿದೆ.
"ಇದರ ಹೆಸರಿಗೆ ರೆಕ್ಕೆ ಅಂತ ಅರ್ಥ."
ಯಾವುದರ ರೆಕ್ಕೆ ಅಂದೆ.
ನಕ್ಕು ಚೀಟಿ ಬರೆದಳು.

ಕೀಳಬಹುದಂತೆ.
ಮೇಲ್ರೆಪ್ಪೆಯಡಿಯ ಚೂರು ತೆಗೆದು ತೇಪೆ ಹಾಕಬಹುದಂತೆ,
ನನ್ನ ಬಟ್ಟೆಗೆ ನನ್ನದೇ ಬಟ್ಟೆಯ ತೇಪೆ.
ಮತ್ತೆ ಬರಬಹುದಾ?
"ಬರಬಹುದು. ಹೊಗೆ, ಬೂದಿ, ಕಾವು ಬಿಟ್ಟರೆ ಕಡಿಮೆ."
ಅವನ್ನು ಬಿಟ್ಟರೆ...
ಅಂದು ಸುಮ್ಮನಾದೆ. ಅವಳೂ.
ಸದ್ಯಕ್ಕೆ ಹನಿ ಔಷಧಿ, ಒಂದು ಕಪ್ಪು ಕನ್ನಡಕ.

ರಾತ್ರಿ ಎರಡಕ್ಕೆ ಕಪ್ಪು ಕನ್ನಡಕ ಹಾಕಿ ಬಂದವನನ್ನು
ಹಮಾಲಿ ಹುಡುಗರು ಹೀರೋ ಅಂದರು.
ಹಂಪಮ್ಮ ನಗಲಿಲ್ಲ.
"ಯಾಕೋ ಮೀರಣ್ಣ, ಕಣ್ಣಿಗೆ ಏನಾತು?"
ತೆಗೆದು ತೋರಿಸಿದೆ.
"ಇದಾ," ಅಂದಳು,
ಸೆರಗಿನಿಂದ ಬೂದಿ ಒರೆಸಿ
ಬಲ್ಬಿನ ಕೆಳಗೆ ಮುಖ ಎತ್ತಿ
ಕಣ್ಣರಳಿಸಿದಳು.

ಎರಡರಲ್ಲೂ.
ಮೂಗಿನ ಕಡೆಯಿಂದಲೇ.
ನನ್ನದಕ್ಕಿಂತ ಹಳೆಯವು, ಅಗಲವಾದವು,
ಬಲಗಣ್ಣಿನದು ಆಗಲೇ ಪಾಪೆಯ ಬಾಗಿಲು ತಟ್ಟುತ್ತಿತ್ತು.

"ಮಸುಕು ಕಾಣಲ್ವಾ?"
"ಅಕ್ಕಿ ಕಾಣ್ತೈತಿ."
ಆಮೇಲೆ ಕೋಲು ಕೈಗೆ ತಗೊಂಡು
ನನ್ನ ಕಡೆ ನೋಡದೆ ಅಂದಳು:
"ಮುಖ ನೋಡಾಕ ಮೂವತ್ತು ವರ್ಷ ಬೇಕಾತೇನು?
ಹೊಟ್ಟು ಹಾಕು. ಉಸುಕು ಆರ್ತೈತಿ."

ಗುರುವಾರ ಅವಳನ್ನೂ ಕರೆದೊಯ್ಯುತ್ತೇನೆ.
ಕೂಲಿ ಹೋಗುತ್ತದೆ ಅಂತಾಳೆ, ಬರುತ್ತಾಳೆ.
ಅಲ್ಲಿವರೆಗೆ ಕನ್ನಡಕ ಒಂದೇ,
ಒಂದು ಒಬ್ಬೆ ಅವಳಿಗೆ, ಒಂದು ಒಬ್ಬೆ ನನಗೆ.
ಹಾಕಿಕೊಂಡರೆ ಒಂದೇ ತೊಂದರೆ,
ಅಕ್ಕಿ ಅರಳುವುದು ಕಾಣುವುದಿಲ್ಲ.
ಚಟಪಟ ಕೇಳಿಸುತ್ತದೆ,
ಕತ್ತಲಲ್ಲಿ ಏನೋ ಒಂದು ಹಿಂಡಾಗಿ
ಮೇಲೆದ್ದ ಹಾಗೆ.