ಅಳತೆ ಸರಿಯಿಲ್ಲ

ಹಾಕಿ ನೋಡಿ, ಹಿಡಿಸಿದರೆ ದುಡ್ಡು.
ಹಿಡಿಸದಿದ್ದರೆ ನನ್ನ ಕೈಗೇ ವಾಪಸ್ಸು.
ಅಲ್ಲಿಯವರೆಗೆ ಹದಿನೈದು ನಿಮಿಷ
ಹೊಸ್ತಿಲಾಚೆ ನಾನು, ನನ್ನ ಫೋನು,
ಫೋನಿನೊಳಗೆ ಹಿಂದುಹಿಂದಕ್ಕೆ ಓಡುವ ಗಡಿಯಾರ.

ದುರ್ಗಿಗುಡಿಯಲ್ಲೊಬ್ಬರು ಹೊಸ ಬೂಟು ಮೆಟ್ಟಿ
ಮಹಡಿ ಹತ್ತಿ, ಇಳಿದು, ಮತ್ತೆ ಹತ್ತಿ
‘ಎಡಗಾಲು ಒಪ್ಪಿದೆ, ಬಲಗಾಲು ಯೋಚಿಸ್ತಿದೆ’ ಅಂದರು.
ಗೋಪಾಳದ ಹುಡುಗ ಕೋಟು ತೊಟ್ಟು
ನನ್ನ ಕೈಯಲ್ಲೇ ಫೋಟೋ ತೆಗೆಸಿಕೊಂಡ.
ಕೋಟು ಕೊಟ್ಟ, ಫೋಟೋ ಇಟ್ಟುಕೊಂಡ.
ನಾನೇನೂ ಅನ್ನಲಿಲ್ಲ.
ಅನ್ನುವುದಕ್ಕೆ ನನ್ನ ಪರದೆಯಲ್ಲಿ ಗುಂಡಿಯಿಲ್ಲ.

ಸೀಗೆಹಟ್ಟಿಯ ರುಕ್ಮಾಬಾಯಿಯ ಸಂಗತಿ ಬೇರೆ.
ತಿಂಗಳಿಗೆ ನಾಲ್ಕು ಸಲ ಅವರ ಆರ್ಡರು:
ಒಮ್ಮೆ ಬೆನ್ನಿಗೆ ಲಾಡಿಯ ರವಿಕೆ,
ಒಮ್ಮೆ ಸೊಂಟದಲ್ಲೆಲ್ಲೋ ನೆರಿಗೆ ಬಚ್ಚಿಟ್ಟ ಕುರ್ತಾ,
ಒಂದು ಗುಬ್ಬಿಗೆ, ಇನ್ನೊಂದು ಆನೆಗೆ.
ಅವರಿಗೆ ಅರವತ್ತು ದಾಟಿದೆ.
ಉಡುವುದು ಎರಡೇ ಎರಡು ನೂಲಿನ ಸೀರೆ.

ಬಾಗಿಲು ಅರ್ಧ ಮುಚ್ಚುತ್ತದೆ. ಒಳಗೆ
ಪೇಪರು ಹಾಸುವ ಪರಪರ,
ಟೇಪು ಎಳೆದು ಬಿಟ್ಟ ಚಟ್.
ಬಟ್ಟೆ ತೊಡುವವರ ಕೋಣೆಯಿಂದ
ಇಂಥ ಸದ್ದು ಬರುವುದಿಲ್ಲ, ನನಗೆ ಮೊದಲ ದಿನವೇ ಗೊತ್ತು.
ಹನ್ನೆರಡನೇ ನಿಮಿಷಕ್ಕೆ ಮಡಿಕೆ ಕೆಡದ ಹಾಗೆ
ಕವರಿನಲ್ಲಿ ತಂದಿಡುತ್ತಾರೆ:
‘ಯಾಕೋ ಅಳತೆ ಸರಿಯಿಲ್ಲ ಕಣೇ ಜೆಸಿಂತಾ.’
ಬೆರಳಿನ ಸೀಮೆಸುಣ್ಣ ಸೆರಗಿಗೆ ಒರೆಸುತ್ತಾರೆ.
ನಾನು ಒತ್ತುತ್ತೇನೆ: ಅಳತೆ ಸರಿಯಿಲ್ಲ.

ಈ ಬುಧವಾರ ಕರೆಂಟು ಹೋಗಿತ್ತು.
ಬೆಳಕಿಗೆ ಬಾಗಿಲು ಪೂರ್ತಿ ತೆರೆಯಬೇಕಾಯಿತು.
ನೆಲದ ಮೇಲೆ ಹಳೇ ಪೇಪರು, ಪೇಪರಿನ ಮೇಲೆ
ಮಕಾಡೆ ಮಲಗಿದ ನಾನು ತಂದ ಕುರ್ತಾ,
ಅದರ ಸುತ್ತ ಬಿಳಿ ಗೆರೆ.
ಸಿಕ್ಕಿಬಿದ್ದವರ ಮುಖ ಮಾಡಲೇ ಇಲ್ಲ ಆಕೆ.
‘ನೋಡ್ತಾ ನಿಂತಿದೀಯಲ್ಲ, ಟಾರ್ಚು ಹಿಡಿ.’

ಹಿಡಿದೆ. ಗಡಿಯಾರ ಓಡುತ್ತಿದ್ದ ಅದೇ ಫೋನು.

‘ಹುಡುಗೀರು ಫೋಟೋ ತೋರಿಸ್ತಾರೆ, ಹೀಗೇ ಬೇಕು ಅಂತಾರೆ.
ಫೋಟೋಗೆ ಒಳಹೊಲಿಗೆ ಇರುತ್ತೇನೇ?’
ಗೋಡೆ ತುಂಬ ಮೊಳೆ, ಮೊಳೆ ತುಂಬ ಬಟ್ಟೆ.
‘ಆ ಹಸಿರು ಟಾಪು ಮಂಡ್ಲಿ ಹುಡುಗೀದು.
ಟ್ರಯಲ್ಲಿಗೆ ಬಂದಳು, ತೋಳು ಒಂದು ಬೆರಳು ಬಿಗಿ ಅಂದಳು,
ಬಿಚ್ಚಿ ಬಿಟ್ಟುಕೊಟ್ಟೆ. ಬರಲಿಲ್ಲ.
ಹದಿನಾರು ವರ್ಷ ಆಯ್ತು.
ಹಾಕಿ ನೋಡಿ ಆಮೇಲೆ ಕಾಸು ಕೊಡಿ ಅಂತ
ನಿಮ್ಮ ಕಂಪನಿ ಈಗ ಕಂಡುಹಿಡೀತಾ?
ನನ್ನ ಹತ್ರ ಹಾಕಿ ನೋಡಿದೋರೆಲ್ಲ
ಅಗೋ, ಮೊಳೆ ಮೇಲಿದಾರೆ.’

ಆಮೇಲೆ ಕಣ್ಣು ನನ್ನ ಮೇಲೆ ಬಿತ್ತು.
ಗಂಡಸರ ಅಳತೆಯ ಟೀ ಶರ್ಟು,
ಭುಜ ಮೊಣಕೈಗೆ ಇಳಿದಿದೆ,
ಹೊಳೆ ಸೇತುವೆ ಮೇಲೆ ಗಾಳಿ ಹೊಕ್ಕರೆ
ಗಾಡಿಗಿಂತ ಮುಂದೆ ನಾನು ಹೋಗುತ್ತೇನೆ.
‘ಇದನ್ನ ಹಾಕಿ ನೋಡು ಅಂತ ನಿನಗ್ಯಾರೂ ಅನ್ನಲಿಲ್ವಾ?’
ಇಲ್ಲ. ಮೊದಲ ವಾರದ ದುಡ್ಡಿನಲ್ಲೇ ಹಿಡಿದುಕೊಂಡರು,
ಕವರು ಒಡೆಯುವ ಮೊದಲೇ.

‘ಬಿಚ್ಚು’ ಅಂದರು. ಬಾಯಲ್ಲಿ ಆಗಲೇ ನಾಲ್ಕು ಗುಂಡುಪಿನ್ನು.
ಮೊಳೆಯಿಂದ ಹಸಿರು ಟಾಪು ಇಳಿಸಿ ಎಸೆದರು,
‘ಅಲ್ಲೀವರೆಗೆ ಇದು.’
ಕಾಲಲ್ಲಿ ತುಳಿಯುವ ಮಷಿನ್ನಿಗೆ ಯಾವ ಕರೆಂಟು?
ಟಕಟಕ ಒಂದು ಮಗ್ಗುಲು, ಟಕಟಕ ಇನ್ನೊಂದು.
ಮಂಡ್ಲಿ ಹುಡುಗಿಯ ತೋಳು
ನನಗೆ ಹೇಳಿ ಮಾಡಿಸಿದ ಹಾಗಿತ್ತು.
ಹೇಳಲಿಲ್ಲ.

‘ಎಷ್ಟಾಯ್ತು ಬಾಯಿ?’
‘ಹಾಕಿ ನೋಡು. ಸರಿಹೋದ್ರೆ
ಮುಂದಿನ ಸಲ ಕೊಡುವಂತೆ.’

ಕುರ್ತಾ ಚೀಲಕ್ಕೆ ಸೇರಿತು. ಅಳತೆ ಸರಿಯಿಲ್ಲ, ಒತ್ತಿದೆ.
ಏಳು ನಿಮಿಷ ತಡ, ಕಾರಣ ತಿಳಿಸು ಎಂದಿತು ಫೋನು.
ಗಾಡಿ ಕೆಟ್ಟಿತ್ತು. ಬಾಗಿಲು ತೆರೆಯಲಿಲ್ಲ. ಮಳೆ.
ಇಷ್ಟೇ ಇದ್ದದ್ದು.
ರಣಬಿಸಿಲಿನಲ್ಲಿ ನಿಂತು ಮಳೆ ಒತ್ತಿದೆ.

ಸೇತುವೆ ಮೇಲೆ ಗಾಳಿ ಎಂದಿನಂತೆ
ಕೊರಳಿಂದ ಒಳಗೆ ಇಳಿಯಲು ನೋಡಿತು.
ಜಾಗ ಸಾಲದೆ
ಪಕ್ಕದಲ್ಲೇ ಹೋಯಿತು.