ಬಟಾಣಿ ಬೀದಿಯ ಕರೆಗಂಟೆ

ಟಾರ್ಟುವಿನಲ್ಲಿ ಜನವರಿ. ನಾಲ್ಕಕ್ಕೇ ಕತ್ತಲು.
ಎಮಾಯೆಗಿ ಹೊಳೆಯ ಮೇಲೆ ಐಸು, ಐಸಿನ ಮೇಲೆ
ಯಾರದೋ ನಾಯಿಯ ಹೆಜ್ಜೆ.
ನಾನು ಮೂರನೇ ಮಹಡಿಯಲ್ಲಿ
ಎರಡು ತಟ್ಟೆ ಜೀವಕೋಶಗಳಿಗೆ ಕಾವಲು.

ಎಡಗಡೆಯವು ಇದ್ದಂತೆಯೇ ಇವೆ.
ಬಲಗಡೆಯವುಗಳಲ್ಲಿ ಒಂದು ತುಣುಕು ಕತ್ತರಿಸಿ ತೆಗೆದಿದ್ದೇನೆ.
ಯಾವ ಪ್ರೋಟೀನನ್ನೂ ಹೆಣೆಯದ ತುಣುಕು;
ನನ್ನ ಕಾಲೇಜಿನ ಪುಸ್ತಕ ಅದನ್ನು ಗುಜರಿ ಅಂದಿತ್ತು,
ಒಂದೇ ಮಾತಿನಲ್ಲಿ, ಅದೂ ಅಡಿಟಿಪ್ಪಣಿಯಲ್ಲಿ.

ನಾಲ್ಕೂವರೆ ಕೋಟಿ ವರ್ಷದ ಕೆಳಗೆ
ಯಾವುದೋ ಮರದ ಮೇಲೆ
ಮಂಗನಂಥ ಒಂದು ಪ್ರಾಣಿಗೆ ಜ್ವರ ಬಂತು.
ಬಂದ ವೈರಸ್ಸು ತನ್ನ ಬರಹವನ್ನು
ಅದರ ಬರಹದೊಳಗೇ ಹೊಲಿದುಬಿಟ್ಟಿತು,
ಅಂಡದಲ್ಲೋ ವೀರ್ಯದಲ್ಲೋ.
ಮರಿ ಹುಟ್ಟಿತು; ಮರಿಯ ಜೊತೆ ಅದೂ.
ಆಮೇಲೆ ನಕಲು, ನಕಲಿನ ನಕಲು,
ಜಿಗಿದಲ್ಲೆಲ್ಲ ಒಕ್ಕಲು.
ಕಾಲ ಅದರ ಹಲ್ಲು ಕಿತ್ತಿತು, ಕರುಳು ತೆಗೆಯಿತು;
ಉಳಿದದ್ದು ಬರೀ ಚೌಕಟ್ಟು,
ಚೌಕಟ್ಟಿನಲ್ಲೊಂದು ಗುಂಡಿ.

ಗುಂಡಿ ಯಾಕೆ ಇಟ್ಟುಕೊಂಡಿತ್ತು ಅಂದರೆ:
ಮನೆಯ ಕಾವಲುಗಾರ ಎದ್ದ ಗಳಿಗೆಯಲ್ಲೇ
ತಾನೂ ಎದ್ದು, ಮರಿ ಹಾಕಿ, ಓಡಿಹೋಗಲು.

ಸೂಪಿನೂರು ಎಂದು ಕರೆಯುವ ನಮ್ಮ ಕೇರಿಯಲ್ಲಿ
ಆಲೂಗಡ್ಡೆ ಬೀದಿ ದಾಟಿದರೆ ಬಟಾಣಿ ಬೀದಿ.
ಅಲ್ಲಿ ಎಂಡ್ಲಾ ಅಜ್ಜಿಯ ಮರದ ಮನೆ.
ಯುದ್ಧದಲ್ಲಿ ಒಬ್ಬ ಅಧಿಕಾರಿ ಬಂದು ಬಿಡಾರ ಹೂಡಿದ.
ಒಮ್ಮೆ ಜರ್ಮನ್ ಅನ್ನುತ್ತಾಳೆ, ಇನ್ನೊಮ್ಮೆ ರಷ್ಯನ್;
ಕೇಳಿದರೆ, ‘ಬೂಟು ಒಂದೇ ಥರ ಇತ್ತು’.
ಆಳನ್ನು ಕರೆಯಲು ಅಡುಗೆಮನೆಯಲ್ಲೊಂದು ಗಂಟೆ ಬಿಗಿಸಿದ.
ಅವನು ಹೋದ. ಗಂಟೆ ಹೋಗಲಿಲ್ಲ.
ತಂತಿ ಗೋಡೆಯೊಳಗೆ, ಕಿತ್ತರೆ ಗಾರೆ ಉದುರುತ್ತದೆ;
ತಾತ ಅದರ ತುದಿಯನ್ನು
ಎದುರು ಮನೆಯ ಲಾಯ್ನೆಗೆ ಜೋಡಿಸಿದರು.
ಅರವತ್ತೊಂದರಲ್ಲಿ ಚಿಮಣಿಗೆ ಬೆಂಕಿ ಬಿದ್ದಾಗ
ಅಜ್ಜಿ ಒತ್ತಿದ್ದು ಅದನ್ನೇ.
ಬೀದಿಗೆ ಬೀದಿಯೇ ಬಕೆಟ್ಟು ಹಿಡಿದು ಬಂತು.

ಇದನ್ನು ಟೋನಿಸ್‌ಗೆ ಹೇಳಬಾರದಿತ್ತು.
‘ಹೋಲಿಕೆಗಳು ನಮ್ಮ ಇಲಿಗಳ ಹಾಗೆ’ ಅಂದ,
‘ಗೂಡು ಬಿಟ್ಟವು ಮತ್ತೆ ಕೈಗೆ ಸಿಗುವುದಿಲ್ಲ’.

ಆರಕ್ಕೆ ಎರಡೂ ತಟ್ಟೆಗೆ ಇಂಟರ್‌ಫೆರಾನ್ ಹಾಕಿದೆ,
ಆಮೇಲೆ ವೈರಸ್ಸು.
ಎಡಗಡೆ: ಸುದ್ದಿ ಬಂತು, ಗುಂಡಿ ಒತ್ತಿತು,
ಪಕ್ಕದ ಜೀನು ಎದ್ದು ಕೂತಿತು;
ಸೋಂಕಿದ ಕೋಶ ತನ್ನ ಮನೆಗೆ ತಾನೇ ಕಿಚ್ಚಿಟ್ಟು
ಕಳ್ಳನನ್ನೂ ಸುಟ್ಟಿತು.
ಬಲಗಡೆ: ಸುದ್ದಿ ಬಂತು. ಬಂದವನು
ಬಾಗಿಲಲ್ಲಿ ಗೋಡೆ ತಡವಿ ತಡವಿ ನಿಂತ.
ವೈರಸ್ಸು ಒಳಗೆ ನೆಮ್ಮದಿಯಾಗಿ ಉಂಡಿತು.

ಹಳೆಯ ಶತ್ರುವಿನ ಗಂಟೆಗೆ
ಹೊಸ ಶತ್ರುವಿನ ಸುಳಿವು.
ಇಲ್ಲಿಗೇ ಮುಗಿಸಬಹುದಿತ್ತು.
ಆದರೆ ಥಂಡಿಗೆ ತಂತಿ ತೇವವಾದ ರಾತ್ರಿಗಳಲ್ಲಿ
ಯಾರೂ ಒತ್ತದೆ ಅದು ಬಾರಿಸುತ್ತಿತ್ತು,
ಲಾಯ್ನೆ ಬೈಯುತ್ತ ಬರುತ್ತಿದ್ದಳು.
ಅಜ್ಜಿಯ ಬೆರಳ ಗೆಣ್ಣುಗಳು ಈಗ ಊದಿವೆ,
ಗುಂಡಿ ಹಾಕಿಕೊಳ್ಳಲಾರಳು:
ಕಾವಲುಗಾರರು ಬಕೆಟ್ಟು ಬಿಟ್ಟು ಬಡಿಗೆ ಹಿಡಿದು
ಬೆಂಕಿಯೇ ಇಲ್ಲದ ಮನೆಗೆ ನುಗ್ಗಿದ್ದಾರೆ.
ಕರೆದ ಗಂಟೆ ಯಾವುದು, ನನಗೆ ಗೊತ್ತಿಲ್ಲ.
ನಮ್ಮ ಬರಹದ ಅರ್ಧದಷ್ಟು ಹೀಗೆ ಬಂದು ಉಳಿದವರದೇ.

ಒಂಬತ್ತಕ್ಕೆ ಫೋನು.
‘ಏನು ಸಿಕ್ಕಿತು, ಮಾರಿಕಾ?’
‘ಬಲಗಡೆ ಏನೂ ಆಗಲಿಲ್ಲ, ಅಜ್ಜಿ’.
‘ಏನೂ ಆಗದ್ದಕ್ಕೆ ಇಷ್ಟು ಹೊತ್ತು ಕಾದೆಯಾ?
ಬಾ, ಸೂಪು ಆರುತ್ತಿದೆ’.

ಕೀಲಿ ನನ್ನ ಜೇಬಲ್ಲೇ ಇದೆ.
ಆದರೂ ಹೋಗಿ, ಲಾಯ್ನೆಯ ಮನೆಯ ದೀಪ ನೋಡಿ,
ಆರಿದೆಯೆಂದು ಖಾತ್ರಿ ಮಾಡಿಕೊಂಡು
ಮೆಲ್ಲಗೆ ಬಾಗಿಲು ತಟ್ಟುತ್ತೇನೆ.